ಅನಿತ ಮೇಡಂ ಮಾತು ಬಿಟ್ಟ ಮೂರು ವಾರ

ನನ್ನ ಹೆಂಡತಿ ಅನಿತಳಿಗೆ ಒಂದು ಕೋಣೆಯ ಶಾಲೆ, ನನಗೆ ಒಂದು ಕೋಣೆಯ ಹುಳು ಮನೆ. ಇಬ್ಬರದೂ ಸಾಕುವ ಕೆಲಸವೇ ಎಂದು ನಾನು ಆಗಾಗ ಅವಳನ್ನು ರೇಗಿಸುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ ಅವಳ ಕೆಲಸ ನನಗೆ ತಲೆಗೇ ಹೋಗುತ್ತಿರಲಿಲ್ಲ. ರೇಷ್ಮೆ ಹುಳು ಸಾಕುವವನಿಗೆ ಮೊದಲ ಪಾಠವೇ ವಯಸ್ಸು ಬೆರೆಸಬಾರದು ಅನ್ನುವುದು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಎರಡನೇ ಜ್ವರದಿಂದ ಎದ್ದ ಹುಳುವನ್ನು ನಾಲ್ಕನೇ ಜ್ವರಕ್ಕೆ ಕೂತ ಹುಳುವಿನ ಜೊತೆ ಹಾಕಿದರೆ ಬೆಳೆ ಕೆಟ್ಟಿತೆಂದೇ ಲೆಕ್ಕ. ಒಂದಕ್ಕೆ ಎಳೆ ಸೊಪ್ಪು ಬೇಕು, ಇನ್ನೊಂದಕ್ಕೆ ಬಲಿತದ್ದು. ಒಂದು ಗಬಗಬ ತಿನ್ನುವಾಗ ಇನ್ನೊಂದು ಅಲ್ಲಾಡದೆ ಮಲಗಿರುತ್ತದೆ. ಇವಳು ನೋಡಿದರೆ ಒಂದರಿಂದ ಐದರವರೆಗೆ ಅಷ್ಟೂ ತರಗತಿಗಳನ್ನು ನಾಲ್ಕು ಗೋಡೆಯೊಳಗೆ ಒಟ್ಟಿಗೆ ಕೂರಿಸಿಕೊಂಡು ವರ್ಷ ವರ್ಷವೂ ಬೆಳೆ ತೆಗೆಯುತ್ತಾಳೆ!

ಶಾಲೆ ಇರುವುದು ಗೌನಿಪಲ್ಲಿಯಿಂದ ಒಳಕ್ಕೆ, ಮಾವಿನ ತೋಪುಗಳ ನಡುವಿನ ಹಳ್ಳಿಯಲ್ಲಿ. ಮಕ್ಕಳು ಮನೆಯಲ್ಲಿ ಆಡುವುದು ತೆಲುಗು, ಪುಸ್ತಕದಲ್ಲಿರುವುದು ಕನ್ನಡ. ಹಾಗಾಗಿ ಪ್ರತಿಯೊಂದನ್ನೂ ಎರಡೆರಡು ಸಲ ಹೇಳಬೇಕು, ತಗಡಿನ ಮೇಲೆ ಮಳೆ ಬಿದ್ದರೆ ಮೂರನೇ ಸಲ ಕಿರುಚಬೇಕು. ಇಷ್ಟು ವರ್ಷ ಅವಳ ಗಂಟಲು ತಡೆದದ್ದೇ ಹೆಚ್ಚು. ಈ ಬೇಸಿಗೆ ರಜೆಯಲ್ಲಿ ಅದು ಕೈಕೊಟ್ಟಿತು. ಮೊದಲು ಒಡಕು ದನಿ, ಆಮೇಲೆ ಬರೀ ಗಾಳಿ. ರಜೆ ಮುಗಿಯುವ ವಾರದಲ್ಲಿ ಕೋಲಾರದ ಡಾಕ್ಟರು ಗಂಟಲೊಳಗೆ ಗಂಟು ಬೆಳೆದಿದೆ ಎಂದು ಆಪರೇಷನ್ ಮಾಡಿ ತೆಗೆದರು.

"ಮೂರು ವಾರ ಒಂದಕ್ಷರ ಮಾತಾಡೋ ಹಾಗಿಲ್ಲ, ಪಿಸುಮಾತೂ ಬೇಡ" ಎಂದರು ಡಾಕ್ಟರು. "ಆಮೇಲೆ ಮೆಲ್ಲಗೆ ಏನಾದ್ರೂ ಚಿಕ್ಕದು ಅಂದು ನೋಡಿ. ದನಿ ಬಂದ್ರೆ ನನ್ನ ಹತ್ರ ಕರ್ಕೊಂಡು ಬನ್ನಿ."

"ಬರದಿದ್ರೆ ಸಾರ್?" ಎಂದೆ.

"ಬರುತ್ತೆ ಅಂದ್ಕೊಳ್ಳೋಣ" ಎಂದರು. ಅನಿತ ಗೋಡೆ ನೋಡುತ್ತಾ ಕೂತಿದ್ದಳು. ದನಿಯಿಲ್ಲದವಳನ್ನು ಯಾರು ಶಾಲೆಯಲ್ಲಿ ಇಟ್ಟುಕೊಳ್ಳುತ್ತಾರೆ? ಎಲ್ಲೋ ಆಫೀಸಿನ ಮೂಲೆಯಲ್ಲಿ ಕಡತ ಕಟ್ಟಲು ಹಾಕುತ್ತಾರೆ. ಅವಳಿಗೆ ಅದು ಸಾವಿಗೆ ಸಮ, ನನಗೆ ಗೊತ್ತು.

ಜೂನ್ ಬಂತು, ಶಾಲೆ ಶುರುವಾಯಿತು. ಇವಳು ಬೆಳಗ್ಗೆಯೇ ಸೀರೆ ಉಟ್ಟು ಚೀಲ ಹಿಡಿದು ನಿಂತಿದ್ದಾಳೆ.

"ಏನೇ, ತಲೆಗಿಲೆ ಕೆಟ್ಟಿದ್ಯಾ? ರಜೆ ಹಾಕು" ಎಂದು ಕೂಗಾಡಿದೆ.

ಅವಳು ಸ್ಲೇಟಿನ ಮೇಲೆ ಬರೆದಳು: "ಒಂದನೇ ಕ್ಲಾಸಿಗೆ ಹೊಸ ಮಕ್ಕಳು ಬಂದಿರುತ್ತವೆ. ನಾನು ಹೋಗದಿದ್ದರೆ ಬಾಗಿಲಿಗೆ ಬೀಗ."

"ಮೂಗಿ ಥರ ಕೂತ್ಕೊಂಡು ಏನ್ ಪಾಠ ಮಾಡ್ತೀಯಾ?" ಎಂದುಬಿಟ್ಟೆ. ಬಾಯಿಂದ ಬಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳ ಕಣ್ಣು ತುಂಬಿತ್ತು, ಆದರೆ ಚೀಲ ಕೆಳಗಿಡಲಿಲ್ಲ. "ಸರಿ ಬಿಡು, ನಾನೂ ಬರ್ತೀನಿ. ನೀನು ಬರಿ, ನಾನು ಓದಿ ಹೇಳ್ತೀನಿ. ನಿನ್ನ ಬಾಯಿ ನಾನೇ" ಎಂದೆ. ನನಗೂ ಬೆಳೆ ಮುಗಿದಿತ್ತು, ಹುಳು ಮನೆ ತೊಳೆದು ಬಾಗಿಲು ಹಾಕಿದ್ದೆ. ಗಾಡಿ ಹತ್ತಿದೆವು.

ಆ ಬೆಳಗ್ಗೆ ನಾನು ಮಾಡಿದ ಘನಂದಾರಿ ಕೆಲಸ ಕೇಳಿ. ಕೋಣೆ ತುಂಬ ಮಕ್ಕಳು ಗುಂಪು ಗುಂಪಾಗಿ ಕೂತಿದ್ದವು, ಅರ್ಧ ಮಕ್ಕಳ ಬಾಯಿ ಸುತ್ತ ಮಾವಿನ ಸೊನೆ ಸುಟ್ಟ ಕಲೆ. ಅನಿತ ಸ್ಲೇಟಿನಲ್ಲಿ ಬರೆದು ತೋರಿಸಿದಳು. ನಾನು ಎದೆ ಉಬ್ಬಿಸಿ, ಹೊಲದಲ್ಲಿ ಆಳು ಕರೆಯುವ ದನಿಯಲ್ಲಿ, "ಮೂರನೇ ಕ್ಲಾಸು! ಹಿಂದಿನ ಲೆಕ್ಕ ತೆಗೀರಿ!" ಎಂದು ಕೂಗಿದೆ. ಐದೂ ಕ್ಲಾಸು ಬೆಚ್ಚಿ ತಲೆಯೆತ್ತಿತು. ಓದುತ್ತಿದ್ದವರು ನಿಲ್ಲಿಸಿದರು, ಬರೆಯುತ್ತಿದ್ದವರು ಸಾಲು ತಪ್ಪಿದರು, ಒಂದನೇ ತರಗತಿಯ ಮರಿಗಳಲ್ಲಿ ಇಬ್ಬರು ಹೋ ಎಂದು ಅಳು ಶುರುಮಾಡಿದರು. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅಡುಗೆಯ ಅಕ್ಕಯಮ್ಮ, "ಅಯ್ಯೋ ದೇವ್ರೆ, ಇದ್ಯಾವ ಮೈಕು ಕಟ್ಕೊಂಡು ಬಂದ್ಯಮ್ಮ?" ಎಂದು ಬಿದ್ದು ಬಿದ್ದು ನಕ್ಕಳು.

ಐದನೇ ತರಗತಿಯ ಮುನೇಶ್ ಎದ್ದು ನನ್ನ ಹತ್ತಿರ ಬಂದ. ದೊಡ್ಡ ಮನುಷ್ಯನ ಹಾಗೆ ಮೆಲ್ಲಗೆ ಹೇಳಿದ: "ಅಂಕಲ್, ನೀವು ಆ ಮೂಲೇಲಿ ಕೂತ್ಕಳಿ. ನೀವು ಕೂಗಿದ್ರೆ ನಮ್ಗೆ ಲೆಕ್ಕ ತಪ್ಪೋಗ್ತದೆ."

ಕೂತೆ. ಬೇರೆ ದಾರಿಯೇನಿತ್ತು? ಹಾಗೆ ಕೂತು ನೋಡಿದ್ದನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಆ ಕೋಣೆಗೆ ಒಂದು ನಿಯಮವಿದೆ. ಕಲಿತದ್ದನ್ನು ಗೊತ್ತಿಲ್ಲದ ಇನ್ನೊಬ್ಬರಿಗೆ ಕಲಿಸಬೇಕು; ಅವರು ಬಾಯಿಬಿಟ್ಟು ಹೇಳಿದ ಮೇಲಷ್ಟೇ ಕಲಿಸಿದವರ ಹೆಸರಿನ ಮುಂದೆ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು. ಅಲ್ಲಿಯವರೆಗೆ ನೂರು ಸಲ ಬರೆದರೂ ಕಲಿತ ಹಾಗಲ್ಲ. ಅನಿತ ಇದನ್ನು ಎಷ್ಟೋ ವರ್ಷದಿಂದ ಬೆಳೆಸಿಕೊಂಡು ಬಂದಿದ್ದಳು, ನನಗೂ ಹೇಳಿದ್ದಳು. ನಾನು ಉಣ್ಣುತ್ತಾ ಹೂಂ ಹೂಂ ಅಂದಿದ್ದೆ. ಈಗ ಕಣ್ಣಾರೆ ನೋಡಿದೆ. ಐದನೆಯವಳು ಮೂರನೆಯವನಿಗೆ ಕಳೆಯುವ ಲೆಕ್ಕ ಹೇಳುತ್ತಿದ್ದಾಳೆ. ಹೇಳುತ್ತಾ ಹೇಳುತ್ತಾ ತನ್ನದೇ ತಪ್ಪು ಕಂಡು ನಾಚುತ್ತಾಳೆ. ಮೂರನೆಯವನು ಎದ್ದು ಹೋಗಿ ಎರಡನೆಯವಳಿಗೆ ಓದಿಸುತ್ತಾನೆ, ಅರ್ಧ ತೆಲುಗು ಅರ್ಧ ಕನ್ನಡ. ಜಗಳವಿಲ್ಲ, ಗದ್ದಲವಿಲ್ಲ, ಹುಳು ಸೊಪ್ಪು ತಿನ್ನುವಾಗಿನ ಹಾಗೆ ಒಂದೇ ಸಮನೆ ಗುಜುಗುಜು. ಅನಿತ ಅವರ ನಡುವೆ ಓಡಾಡುತ್ತಾಳೆ. ಒಬ್ಬಳ ಭುಜ ಮುಟ್ಟಿದರೆ ಅವಳು ಜಾಗ ಬದಲಿಸುತ್ತಾಳೆ, ಇನ್ನೊಬ್ಬನತ್ತ ಹುಬ್ಬೇರಿಸಿದರೆ ಅವನು ಬರೆದದ್ದನ್ನು ಅಳಿಸುತ್ತಾನೆ. ಇಷ್ಟು ವರ್ಷ ಪಕ್ಕದಲ್ಲೇ ಮಲಗಿದ ಹೆಂಗಸು ಇವಳೇನಾ ಅನ್ನಿಸಿತು.

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ನನ್ನ ಪಕ್ಕ ಬಂದು ಕೂತಳು. ಸ್ಲೇಟಿನಲ್ಲಿ ಬರೆದಳು: "ಇದು ಹೀಗೆ ನಡೆಯುತ್ತೆ ಅಂತ ನನಗೂ ಗೊತ್ತಿರಲಿಲ್ಲ. ನಾನು ಕೂಗುತ್ತಿದ್ದದ್ದರಿಂದಲೇ ನಡೀತಿದೆ ಅಂದ್ಕೊಂಡಿದ್ದೆ."

ಮರುದಿನದಿಂದ ನನ್ನ ಅಗತ್ಯವೇ ಇರಲಿಲ್ಲ. ಆದರೂ ದಿನಾ ಹೋದೆ. ಮೂಲೆಯಲ್ಲಿ ಕೂತು ಅಕ್ಕಯಮ್ಮನಿಗೆ ಬೀನ್ಸ್ ಸೋಸಿಕೊಡುತ್ತಾ ನೋಡುತ್ತಿದ್ದೆ.

ತೊಡಕು ಬಂದದ್ದು ಚಂದನಳಿಂದ. ಒಂದನೇ ತರಗತಿಗೆ ಎಲ್ಲರಿಗಿಂತ ಕೊನೆಗೆ ಸೇರಿದವಳು, ಹಟದ ಹುಡುಗಿ, ತೆಲುಗು ಬಿಟ್ಟು ಬೇರೆ ಗೊತ್ತಿಲ್ಲ. ಈಗ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಮೊದಲು ಕಲಿಸುವುದು 'ಅ' ಅಲ್ಲ, 'ರ'. ಅನಿತ ಅವಳ ಬೆರಳುಗಳನ್ನು ಮುನೇಶನ ಗಂಟಲಿಗೆ ಒತ್ತಿ ಹಿಡಿದಳು, ಅವನು "ರ" ಎಂದ, ಬೆರಳಿಗೆ ನಡುಕ ತಾಗಿತು, ಹುಡುಗಿ ಕಿಲಕಿಲ ನಕ್ಕಳು. ಎರಡು ದಿನದಲ್ಲಿ ಓದಿದಳು, ಬರೆದಳು. ಈಗ ಗುರುತು ಬೇಕು. ಗುರುತು ಬೇಕಾದರೆ 'ರ' ಗೊತ್ತಿಲ್ಲದವರು ಯಾರಾದರೂ ಸಿಗಬೇಕು. ಕೊನೆಗೆ ಸೇರಿದವಳಲ್ಲವೇ, ಕೋಣೆಯಲ್ಲಿ ಎಲ್ಲರಿಗೂ ಗೊತ್ತು! ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದಳು. ಒಬ್ಬರು ಮಾತ್ರ ಯಾವತ್ತೂ 'ರ' ಅಂದದ್ದನ್ನು ಅವಳು ಕೇಳಿರಲಿಲ್ಲ.

"ಮೇಡಂಕಿ ರಾದು" ಎಂದಳು. ಮೇಡಂಗೆ ಬರಲ್ಲ ಎಂದು ತೆಲುಗಿನಲ್ಲಿ.

ದೊಡ್ಡ ಮಕ್ಕಳು ನಕ್ಕವು. ನಾನು ಅವಳಿಗೆ ತಿಳಿಸಿ ಹೇಳಲು ಎದ್ದೆ. ಅನಿತ ಕೈಯೆತ್ತಿ ನನ್ನನ್ನು ತಡೆದಳು. ನೆಲದ ಮೇಲೆ, ಆ ಹುಡುಗಿಯ ಎದುರು, ಚಕ್ಕಳಮಕ್ಕಳ ಹಾಕಿ ಕೂತಳು. ಚಂದನ ಸ್ಲೇಟಿನ ಮೇಲೆ 'ರ' ಬರೆದು, ಮೇಡಂ ಕೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು "ರ" ಎಂದಳು. ಆಮೇಲೆ ತನ್ನ ಬೆರಳನ್ನು ಮೇಡಂ ಗಂಟಲ ಮೇಲಿಟ್ಟು, "ಚೆಪ್ಪು ಮೇಡಂ", ಹೇಳು ಮೇಡಂ, ಎಂದು ಕಾದಳು. ಏನೂ ಬರಲಿಲ್ಲ. ಮೂರು ವಾರ ಇನ್ನೂ ತುಂಬಿರಲಿಲ್ಲ, ಅನಿತ ಬಾಯಿ ತೆರೆಯುವ ಹಾಗಿರಲಿಲ್ಲ.

ಮರುದಿನ ಮತ್ತೆ ಬಂದಳು. ಅದರ ಮರುದಿನವೂ. "ಬಿಡೇ, ಬೇರೆ ಅಕ್ಷರಕ್ಕೆ ಹೋಗು" ಎಂದ ಮುನೇಶ್. ಹೋದಳು, ಗ ಕಲಿತಳು, ಸ ಕಲಿತಳು, ಆದರೆ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮೇಡಂಗೆ ಪಾಠ ಹೇಳುವುದನ್ನು ತಪ್ಪಿಸಲಿಲ್ಲ. ಬೇಸರವಿಲ್ಲ, ಬೈಗುಳವಿಲ್ಲ. ಬಾರದವರಿಗೆ ಬರುವ ತನಕ ಹೇಳಿಕೊಡಬೇಕು, ಅಷ್ಟೇ. ಆ ಕೋಣೆಯಲ್ಲಿ ಅವಳು ನೋಡಿ ಕಲಿತದ್ದೂ ಅದನ್ನೇ.

ಮೂರು ವಾರ ತುಂಬಿತು. ಆ ಬೆಳಗ್ಗೆ ನಾನು ಎದ್ದವನೇ, "ಇವತ್ತು ಅನ್ನಬಹುದು ಕಣೇ, ಏನಾದ್ರೂ ಅನ್ನು. ಏನ್ರೀ ಅಂತ ಬೈಯ್ಯಿ ಬೇಕಾದ್ರೆ" ಎಂದೆ. ಅವಳು ತಲೆಯಲ್ಲಾಡಿಸಿದಳು. ಕಾಫಿ ಕೊಟ್ಟು ಕೇಳಿದೆ, ಕೋಪ ಮಾಡಿ ಕೇಳಿದೆ, ಕೈಮುಗಿದು ಕೇಳಿದೆ. ಕೊನೆಗೆ ಬರೆದಳು: "ಬರದಿದ್ರೆ?" ನಾನು ಗಾಡಿಯ ಬೀಗದಕೈ ತೆಗೆದುಕೊಂಡೆ. ದಾರಿಯುದ್ದಕ್ಕೂ ಹಿಂದಿನಿಂದ ನನ್ನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಪ್ರಾರ್ಥನೆ ಮುಗಿಯಿತು. ಚಂದನ ಸ್ಲೇಟು ಹಿಡಿದು ಬಂದು ಕೂತಳು, ಬರೆದಳು, ತನ್ನ ಗಂಟಲು ಮುಟ್ಟಿಸಿದಳು, ಮೇಡಂ ಗಂಟಲ ಮೇಲೆ ಬೆರಳಿಟ್ಟಳು. "ಚೆಪ್ಪು ಮೇಡಂ."

ಅನಿತ ನನ್ನ ಕಡೆ ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಬಾಯಿ ತೆರೆದಳು. ಬರೀ ಗಾಳಿ ಬಂತು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

ಚಂದನಳಿಗೆ ಮಾತ್ರ ಏನೂ ಅನ್ನಿಸಲಿಲ್ಲ. ಬಾಯಿ ತೆರೆದದ್ದೇ ಅವಳ ಲೆಕ್ಕಕ್ಕೆ ಒಂದು ಮೆಟ್ಟಿಲು. "ಆಂ, ಅಟ್ಲೇ. ಮಳ್ಳೀ" ಎಂದಳು. ಹಂಗೇ, ಇನ್ನೊಂದು ಸಲ.

"ರ."

ಒರಟಾಗಿತ್ತು. ತುಕ್ಕು ಹಿಡಿದ ಬಾಗಿಲು ಎಳೆದ ಹಾಗಿತ್ತು. ಆದರೆ ದನಿ! ನನ್ನ ಹೆಂಡತಿಯ ದನಿ! ಕೋಣೆಯ ಗುಜುಗುಜು ಪಟ್ಟನೆ ನಿಂತಿತು. ಅಕ್ಕಯಮ್ಮ ಮೊರ ಹಿಡಿದುಕೊಂಡೇ ಒಳಗೆ ಬಂದು ನಿಂತಳು. ನಾನು ಮೂಲೆಯಲ್ಲಿ ಮಕ್ಕಳೆದುರಿಗೇ ಗಳಗಳ ಅತ್ತೆ, ನಾಚಿಕೆಯೇನೂ ಆಗಲಿಲ್ಲ.

ಚಂದನ ಗೋಡೆಯ ಕಡೆ ತಿರುಗಿ, "ಮುನೇಶಣ್ಣ, ಮೇಡಂಕಿ ವಚ್ಚಿಂದಿ, ಬಂದ್ಬಿಡ್ತು, ನನ್ ಗುರುತು ಹಾಕು" ಎಂದಳು. ಮುನೇಶ್ ಸುಣ್ಣದ ಕಡ್ಡಿ ಹಿಡಿದುಕೊಂಡು ಬಾಯಿ ಬಿಟ್ಟು ನಿಂತಿದ್ದ, ಕೈ ಮೇಲೇಳಲಿಲ್ಲ. ಅವಳು ಎರಡನೇ ಸಲ ಹೇಳಿದಳು. ಅವನು ಕಣ್ಣೊರೆಸಿಕೊಂಡು ಗುರುತು ಹಾಕಿದ.

ಅಳುತ್ತಿದ್ದ ಮೇಡಂ ಗಲ್ಲವನ್ನು ಅವಳು ತನ್ನ ಕಡೆಗೆ ತಿರುಗಿಸಿಕೊಂಡಳು. ಸ್ಲೇಟು ಒರೆಸಿ, ಹೊಸ ಅಕ್ಷರ ಬರೆದಳು.

"ಈಗ 'ಗ' ಚೆಪ್ಪು ಮೇಡಂ."