ಅವಧಿಯಿಲ್ಲದ ನೇಮ

ನಮ್ಮ ಅವ್ವ ದೇವರಲ್ಲಿ ಏನನ್ನೂ ಬೇಡುವವಳಲ್ಲ. ತಾನೇ ಏನಾದರೊಂದನ್ನು ಬಿಡುವವಳು. ಅಪ್ಪನ ಕಣ್ಣಿನ ಆಪರೇಷನ್ ಆದಾಗ ಪಟ್ಟಿ ಬಿಚ್ಚುವವರೆಗೆ ಬೆಲ್ಲ ಬಿಟ್ಟಳು. ನನ್ನ ಬಿ.ಎಸ್ಸಿ. ಫಲಿತಾಂಶ ಬರುವವರೆಗೆ ಮಜ್ಜಿಗೆ ಬಿಟ್ಟಳು. ಇಚಲಕರಂಜಿಯ ನಮ್ಮ ಜೈನರ ಓಣಿಯಲ್ಲಿ ಇದೇನೂ ದೊಡ್ಡ ಸುದ್ದಿಯಲ್ಲ. ಪಟ್ಟಿ ಬಿಚ್ಚಿದರು, ಬೆಲ್ಲ ತಿಂದಳು. ನಾನು ಪಾಸಾದೆ, ಮಜ್ಜಿಗೆ ಕುಡಿದಳು. ನೇಮ ಎಂದ ಮೇಲೆ ಅದಕ್ಕೊಂದು ಕೊನೆ ಇದ್ದೇ ಇರುತ್ತದೆ ಎಂದು ನಾವೆಲ್ಲ ನಂಬಿದ್ದೆವು.

ಅಕ್ಕ ಕೊಲ್ಹಾಪುರದಲ್ಲಿ ಗಣಿತ ಕಲಿಸುತ್ತ ಅಲ್ಲೇ ಪಿಎಚ್.ಡಿ.ಗೆ ಕೂತಿದ್ದಳು. ನಾನು ಗಡಹಿಂಗ್ಲಜದ ಕಾಲೇಜಿನಲ್ಲಿ ಹುಡುಗರ ತಲೆಗೆ ತ್ರಿಕೋನಮಿತಿ ತುರುಕುತ್ತೇನೆ. ಇಬ್ಬರದೂ ಗಣಿತವೇ, ಆದರೆ ನನ್ನ ಲೆಕ್ಕಗಳಿಗೆ ಪುಸ್ತಕದ ಕೊನೆಯ ಪುಟಗಳಲ್ಲಿ ಉತ್ತರವಿರುತ್ತದೆ.

ಅಕ್ಕನದು ಅನಂತಗಳ ಸಹವಾಸ. ಒಂದು ಅನಂತಕ್ಕಿಂತ ಇನ್ನೊಂದು ದೊಡ್ಡದು ಎಂಬುದು ನಮಗೆ ಹೊಸದಲ್ಲ. ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಬಸದಿಯ ಪಾಠಶಾಲೆಯಲ್ಲೇ ಬಾಯಿಪಾಠ ಮಾಡಿಸಿದ್ದರು. ಆದರೆ ಅಕ್ಕ ಹೇಳುವ ಮಹಾ ಅನಂತಗಳು ಇವೆ ಎಂದು ಗಣಿತದ ನಿಯಮಗಳಿಂದ ಸಾಧಿಸಲು ಬರುವುದಿಲ್ಲ. ಇವೆ ಎಂದುಕೊಂಡೇ ಮುಂದೆ ಹೋಗಬೇಕು. ಮೇಲಿನದು ಕೆಳಗಿನದಕ್ಕೆ ಜಾಮೀನು. ಎಲ್ಲಕ್ಕೂ ಮೇಲಿನದಕ್ಕೆ ಜಾಮೀನು ನಿಲ್ಲುವವರು ಯಾರೂ ಇಲ್ಲ. ಹಿಂದೊಮ್ಮೆ ಹೀಗೆ ಏರುತ್ತ ಹೋದವರು ತೀರ ಎತ್ತರದ ಒಂದು ಅನಂತವನ್ನು ಕಲ್ಪಿಸಿದರು. ಕೆಲವೇ ವರ್ಷಗಳಲ್ಲಿ ಅದರ ಹೊಟ್ಟೆಯೊಳಗೇ ವಿರೋಧ ಸಿಕ್ಕಿ ಅದು ಬಿದ್ದುಹೋಯಿತು. ಆದರೆ ಅದನ್ನು ಬೀಳಿಸಲು 'ಆಯ್ಕೆಯ ನಿಯಮ' ಬೇಕಾಗಿತ್ತು: ಎಷ್ಟೇ ಗುಂಪುಗಳಿರಲಿ, ಒಂದೊಂದರಿಂದ ಒಂದೊಂದನ್ನು ಆರಿಸಿಕೊಳ್ಳಬಹುದು ಎಂಬ ನಿಯಮ. ಆ ನಿಯಮವನ್ನು ಕೈಬಿಟ್ಟರೆ ಆ ಅನಂತ ನಿಲ್ಲುತ್ತದೆಯೋ ಬೀಳುತ್ತದೆಯೋ, ಇಂದಿಗೂ ಯಾರಿಗೂ ಗೊತ್ತಿಲ್ಲ.

ಆಯ್ಕೆಯ ನಿಯಮ ಕೈಬಿಟ್ಟು ಅಕ್ಕ ಮನೆ ಕಟ್ಟಿದ್ದು ಆ ಅನಂತದ ಮೇಲೆಯೇ. ಫೋರ್ಸಿಂಗ್ ಎಂಬ ವಿಧಾನವಿದೆಯಂತೆ. ಇರುವ ಗಣಿತಲೋಕಕ್ಕೆ ಹೊಸದೇನನ್ನೋ ಸೇರಿಸಿ ಇನ್ನೂ ದೊಡ್ಡ ಲೋಕ ಕಟ್ಟುವುದು. ಒಂದೇ ಮಾತು ಹೀಗೆ ಕಟ್ಟಿದರೆ ನಿಜ, ಹಾಗೆ ಕಟ್ಟಿದರೆ ಸುಳ್ಳು. ಆ ಎತ್ತರದ ಅನಂತ ಇದೆ ಎಂದುಕೊಂಡು ಅದರ ಮೇಲೆ ಏನೇನು ಲೋಕ ಕಟ್ಟಬಹುದು ಎಂಬುದೇ ಅವಳ ಪ್ರಬಂಧ. ಅದು ಬಿದ್ದರೆ ಅವಳ ಇಷ್ಟು ವರ್ಷಗಳ ದುಡಿಮೆ ಮಣ್ಣುಪಾಲು. ಅದು ನಿಲ್ಲುತ್ತದೋ ಬೀಳುತ್ತದೋ ಎಂಬುದೇ ಅಕ್ಕನ ಪ್ರಶ್ನೆ ಎಂಬಷ್ಟು ಅವ್ವನಿಗೂ ತಿಳಿದಿತ್ತು.

ಒಂದು ಚಾತುರ್ಮಾಸದಲ್ಲಿ ನಮ್ಮೂರಲ್ಲಿ ಮುನಿಗಳು ತಂಗಿದ್ದರು. "ಹಿರೀ ಮಗಳ ಓದು ಇನ್ನೂ ಮುಗೀಲಿಲ್ಲೇನ್ರೀ?" ಎಂದು ಯಾರೋ ಕೇಳಿದ್ದು ಅವ್ವನಿಗೆ ಚುಚ್ಚಿತ್ತು. ಅಂದೇ ಮುನಿಗಳ ಮುಂದೆ ಕೈಮುಗಿದು ಹಾಲು ಬಿಟ್ಟಳು.

"ಅವಧಿ?" ಎಂದು ಮುನಿಗಳು ಕೇಳಿದರು.

"ಮಗಳ ಪ್ರಶ್ನೆಕ್ಕ ಉತ್ತರ ಬರೂತನಕ, ಮಹಾರಾಜ."

ಅವರು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಪಕ್ಕದಲ್ಲಿದ್ದ ನಾನು ಒಳಗೊಳಗೇ ನಕ್ಕೆ. ದೀಪಾವಳಿಯಷ್ಟೊತ್ತಿಗೆ ಅವ್ವ ಮತ್ತೆ ಹಾಲಿನ ಬಾಸುಂದಿ ತಿನ್ನುತ್ತಾಳೆ ಎಂದುಕೊಂಡಿದ್ದೆ. ಸಂಜೆ ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

"ಯಾಕ ತಡೀಲಿಲ್ಲ ನೀ?" ಎಂದಳು ಅಕ್ಕ. "ಅದು ನಿಲ್ಲತದ ಅಂತ ಸಾಧಿಸಾಕ ಬರೂದಿಲ್ಲ. ನಮ್ಮ ನಿಯಮದಾಗ ಆ ಉತ್ತರ ಎಂದೂ ಬರೂದಿಲ್ಲ. ಬಂದ್ರ ಒಂದ ಬರತದ: ಬಿತ್ತು ಅಂತ."

ನನ್ನ ನಗು ಅಲ್ಲಿಗೆ ನಿಂತಿತು. ಅವ್ವ ಮತ್ತೆ ಹಾಲು ಕುಡಿಯಬೇಕಾದರೆ ಅಕ್ಕನ ಮನೆ ಬೀಳಬೇಕು.

ಮುಂದಿನ ಚಾತುರ್ಮಾಸಗಳಲ್ಲಿ ಮೊಸರು ಹೋಯಿತು, ತುಪ್ಪ ಹೋಯಿತು, ಎಣ್ಣೆ ಹೋಯಿತು. ಉತ್ತರ ತಡವಾಗುತ್ತಿದ್ದರೆ ತನ್ನ ತ್ಯಾಗವೇ ಸಾಲದಾಗಿದೆ ಎಂದು ಅವ್ವನ ಲೆಕ್ಕ. ಅಕ್ಕನ ಅನಂತ ಏರುತ್ತಿತ್ತು, ಅವ್ವನ ತಾಟು ಇಳಿಯುತ್ತಿತ್ತು. ನನಗೆ ಸಿಟ್ಟು ತಡೆಯಲಾಗುತ್ತಿರಲಿಲ್ಲ. "ಇದು ರಿಝಲ್ಟ್ ಅಲ್ಲವ್ವಾ, ಇದಕ್ಕ ಉತ್ತರನ ಇರಲಿಕ್ಕಿಲ್ಲ" ಎಂದು ಒಮ್ಮೆ ಕೂಗಾಡಿದೆ.

ಅವ್ವ ಅಕ್ಕಿ ಆರಿಸುತ್ತಲೇ ಹೇಳಿದಳು: "ಪ್ರಶ್ನಿ ಇದ್ದಮ್ಯಾಲ ಉತ್ತರ ಇರತದ. ನಿನಗ ತಿಳೀದಿದ್ರ ಸುಮ್ಕಿರು."

ಮುನಿಗಳ ಹತ್ತಿರ ಹೋಗಿ ಬಿಡುಗಡೆ ಕೇಳೋಣ ಎಂದರೆ ಅದಕ್ಕೂ ಒಪ್ಪಲಿಲ್ಲ. "ಮಗಳ ಹೆಸರೀಲೆ ತಗೊಂಡದ್ದು. ಮುರದ್ರ ಆಕೀಗೆ ತಟ್ಟತದ" ಎಂದಳು.

ಈ ವರ್ಷ ಬೆಲ್ಲದ ಜೊತೆ ಉಪ್ಪನ್ನೂ ಬಿಟ್ಟಳು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಬಸದಿಯ ಮೆಟ್ಟಿಲ ಮೇಲೆ ಒಂದು ಬೆಳಿಗ್ಗೆ ಕುಸಿದಳು. ಎಚ್ಚರಾದಾಗ ನನ್ನನ್ನು ಅಕ್ಕನ ಹೆಸರಿಂದ ಕರೆದಳು. ಕೊಲ್ಹಾಪುರದ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ರಕ್ತ ಪರೀಕ್ಷೆ ನೋಡಿ ನನ್ನ ಮೇಲೂ ಅಕ್ಕನ ಮೇಲೂ ಮರಾಠಿಯಲ್ಲಿ ಹರಿಹಾಯ್ದರು: "ಮೀಠ ದ್ಯಾ ತ್ಯಾನ್ನಾ, ಮೀಠ! ಮೈಗೆ ಉಪ್ಪು ಹೋಗದಿದ್ದರೆ ಮುಂದಿನ ಸಲ ಏಳುವುದಿಲ್ಲ." ಸಲೈನ್ ಹಾಕಿಸಿಕೊಳ್ಳಲು ಅವ್ವ ಕೈ ಕೊಡಲಿಲ್ಲ. ಅದರಲ್ಲೂ ಉಪ್ಪಿದೆ ಎಂದು ನರ್ಸ್ ಬಾಯಿಂದಲೇ ಕೇಳಿ ತಿಳಿದುಕೊಂಡಿದ್ದಳು.

ಆಸ್ಪತ್ರೆಯ ಹೊರಗೆ ಅಕ್ಕ ಮೊಬೈಲಿನಲ್ಲಿ ಏನನ್ನೋ ಹುಡುಕುತ್ತಿದ್ದಳು. ಜಗತ್ತಿನ ಯಾವುದಾದರೂ ಮೂಲೆಯಲ್ಲಿ ಯಾರಾದರೂ ಆ ಅನಂತವನ್ನು ಬೀಳಿಸಿದರೇನೋ ಎಂದು ದಿನವೂ ನೋಡುತ್ತಾಳೆ. ಮೊದಲು ಹೆದರಿಕೊಂಡು ನೋಡುತ್ತಿದ್ದಳು.

"ಈಗ ಬೀಳಲಿ ಅನಸಾಕತ್ತದ" ಎಂದಳು. "ನಾನ ಬೀಳಸಬೇಕಂತ ಕೂಡತೇನಿ. ಕೈಗೆ ಹತ್ತವಲ್ದು."

ಅವಳ ಮುಖ ನೋಡಿ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅವ್ವ ಒಬ್ಬಳೇ ಸವೆಯುತ್ತಿಲ್ಲ ಎಂದು ಆಗ ತಿಳಿಯಿತು.

"ಸುಳ್ಳು ಹೇಳೂಣು" ಎಂದೆ. "ಉತ್ತರ ಬಂತು ಅಂತ. ಪಾಪ ನನಗಿರಲಿ."

ಅಕ್ಕ ಮೊಬೈಲ್ ಒಳಗಿಟ್ಟು ಹೂಂ ಎಂದು ತಲೆಯಾಡಿಸಿದಳು. ಅವ್ವನನ್ನು ಕೂರಿಸಿಕೊಂಡು ಬಾಡಿಗೆ ಕಾರಿನಲ್ಲಿ ಇಚಲಕರಂಜಿಗೆ ಹೊರಟೆವು. ದಾರಿಯುದ್ದಕ್ಕೂ ಅವ್ವನ ತಲೆ ನನ್ನ ಭುಜದ ಮೇಲಿತ್ತು, ಹಾಗಾಗಿ ನಾವಿಬ್ಬರೂ ಮಾತಾಡುವಂತಿರಲಿಲ್ಲ.

ಮನೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಸೂರ್ಯ ಮುಳುಗಿದ ಮೇಲೆ ಅವ್ವ ಉಣ್ಣುವುದಿಲ್ಲ. ಅಂದು ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಹೋಗಿರಲಿಲ್ಲ. ನಾನು ಗಂಜಿ ಕಾಯಿಸಿ ಉಪ್ಪಿನ ಬಟ್ಟಲನ್ನು ತಾಟಿನ ಪಕ್ಕದಲ್ಲಿಟ್ಟೆ. ಹಿಂದಿನ ಓಣಿಯ ಮಗ್ಗಗಳು ಬಡಿದುಕೊಳ್ಳುತ್ತಲೇ ಇದ್ದವು. ಕಿಟಕಿಯಲ್ಲಿ ಬೆಳಕು ಕೆಂಪಾಗುತ್ತಿತ್ತು. ಅಕ್ಕ ಅವ್ವನ ಎದುರು ಕೂತಳು.

"ಅವ್ವಾ, ಉತ್ತರ ಬಂತು."

ಅವ್ವನ ಮುಖ ಹಾಗೆ ಅರಳಿದ್ದನ್ನು ನಾನು ಅಷ್ಟು ವರ್ಷಗಳಲ್ಲಿ ನೋಡಿರಲಿಲ್ಲ. ಅವಳ ಕೈ ತಾನಾಗಿಯೇ ಉಪ್ಪಿನ ಬಟ್ಟಲಿನ ಕಡೆಗೆ ಹೋಯಿತು. ಚಿಟಿಕೆ ಉಪ್ಪು ಎತ್ತಿಕೊಂಡು, ಪರೀಕ್ಷೆ ಮುಗಿಸಿ ಬಂದ ಮಗುವನ್ನು ಕೇಳುವಂತೆ ಕೇಳಿದಳು:

"ಏನ್ ಬಂತು? ನಿಂತಿತೋ, ಬಿತ್ತೋ?"

"ನಿಂತಿತು" ಎಂದೆ ನಾನು. ಅಕ್ಕನ ದುಡಿಮೆ ಸುಳ್ಳಿನಲ್ಲಾದರೂ ಉಳಿಯಲಿ ಎಂದು.

"ಬಿತ್ತು" ಎಂದಳು ಅಕ್ಕ. ಅದೇ ಹೊತ್ತಿಗೆ, ನನ್ನ ದನಿಯ ಮೇಲೆಯೇ.

ಸುಳ್ಳು ಹೇಳುವುದೆಂದು ನಿರ್ಧರಿಸಿದ್ದೆವು. ಯಾವ ಸುಳ್ಳು ಎಂದು ನಿರ್ಧರಿಸಿರಲಿಲ್ಲ.

ಅವ್ವ ನನ್ನನ್ನು ನೋಡಿದಳು, ಅಕ್ಕನನ್ನು ನೋಡಿದಳು. ಸಿಟ್ಟು ಮಾಡಲಿಲ್ಲ. ಬೆರಳ ತುದಿಯ ಉಪ್ಪನ್ನು ಒಂದು ಹರಳೂ ಬೀಳದಂತೆ ಬಟ್ಟಲಿಗೆ ಉದುರಿಸಿ, ಬಟ್ಟಲನ್ನು ನನ್ನ ಕಡೆಗೆ ತಳ್ಳಿದಳು.

"ಹಂಗಾರ ಇನ್ನೂ ಬಂದಿಲ್ಲ" ಎಂದಳು. "ಬರತದ ತಗೋ. ಹೊತ್ತು ಮುಳುಗಾಕ ಬಂತು, ನೀವೂ ಉಣ್ರಿ."

ಸಪ್ಪೆ ಗಂಜಿಯ ತಾಟನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಅದು ಬಾಯಿವರೆಗೆ ಏರದಿದ್ದಾಗ ಅಕ್ಕ ಆ ಕಡೆ, ನಾನು ಈ ಕಡೆ ಹಿಡಿದು ಕುಡಿಸಿದೆವು.