ನಿಲ್ಲದ ಬೀಸುಕಲ್ಲು

ನನ್ನ ಮೊದಲ ಮಗ ಹುಟ್ಟುತ್ತಲೇ ಅತ್ತ, ಆಮೇಲೆ ನಿಲ್ಲಿಸುವುದನ್ನೇ ಮರೆತ. ತೊಟ್ಟಿಲಿಗೆ ಹಾಕಿದರೂ ಅಳು, ಎತ್ತಿಕೊಂಡರೂ ಅಳು. ಐವತ್ತರ ದಶಕದ ಲಕ್ಕಲಕಟ್ಟಿಯಲ್ಲಿ ನಮಗೆ ಹಿಟ್ಟಿನ ಗಿರಣಿ ಎಲ್ಲಿಯದು? ಬೆಳಿಗ್ಗೆ ಎದ್ದು ಮನೆಮಂದಿಯ ರೊಟ್ಟಿಗೆಲ್ಲ ನಾನೇ ಜೋಳ ಬೀಸಬೇಕು. ಬೀಸುಕಲ್ಲಿನ ಗೂಟ ಹಿಡಿಯುವುದೇ ತಡ, ಇವನು ಶುರು ಹಚ್ಚುತ್ತಿದ್ದ. ನಾಲ್ಕು ಸುತ್ತು ತಿರುಗಿಸುವುದು, ಏಳುವುದು, ಹಾಲು ಕುಡಿಸುವುದು, ಮತ್ತೆ ನಾಲ್ಕು ಸುತ್ತು. ಎರಡು ಸೇರು ಜೋಳ ಮುಗಿಯುವಷ್ಟರಲ್ಲಿ ಹೊತ್ತು ನೆತ್ತಿಗೆ ಬರುತ್ತಿತ್ತು.

ಗೋಡೆಯಾಚೆಯ ಮನೆಯಲ್ಲಿ ಗಂಡನಿಲ್ಲದ ಹೆಂಗಸೊಬ್ಬಳು ಒಂಟಿಯಾಗಿದ್ದಳು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ಒಂದು ದಿನ ಗೋಡೆಯ ಮೇಲಿಂದ ಇಣುಕಿ, "ಆ ಕೂಸಿನ್ನ ಸುಮ್ಮನ ಮಾಡ, ಇಲ್ಲಂದ್ರ ಎತಗೊಂಡು ತವರಮನಿಗಿ ಹೋಗ" ಅಂದಳು. ನನ್ನ ಬಾಯಿಯೂ ಕಡಿಮೆಯದಲ್ಲ. "ಕಿವ್ಯಾಗ ಹತ್ತಿ ಇಟ್ಕೋರಿ" ಅಂದುಬಿಟ್ಟೆ. ನಾಲ್ಕು ತಿಂಗಳು ಇಬ್ಬರಿಗೂ ಮಾತಿಲ್ಲ.

ಮಗನಿಗೆ ಹತ್ತು ತಿಂಗಳಾದಾಗ ಅಂಬೆಗಾಲಿಡುತ್ತ ಅಂಗಳಕ್ಕೆ ಹೋಗಿ ಮೊಣಕಾಲಿಗೆ ಜಾಲಿಮುಳ್ಳು ಚುಚ್ಚಿಸಿಕೊಂಡ. ಮುಳ್ಳು ತೆಗೆದು ಅರಿಷಿಣ ಮೆತ್ತಿದೆ. ಮೂರನೆಯ ದಿನಕ್ಕೆ ಮೊಣಕಾಲು ಕೆಂಪಗೆ ಬಾತು, ಜ್ವರ ಬಂತು. ಎರಡು ದಿನ ಊರಿಗೆಲ್ಲ ಕೇಳುವಂತೆ ಅತ್ತ. ನಮ್ಮತ್ತೆ ಕಷಾಯ ಕುಡಿಸಿದರು, ದೃಷ್ಟಿ ತೆಗೆದರು.

ಅದರ ಮರುದಿನ ಬೆಳಿಗ್ಗೆ ಸುಮ್ಮನಾದ. ಪಾದ ಮುಟ್ಟಿದರೆ ತಣ್ಣಗೆ. "ಜ್ವರಾ ಬಿಟ್ಟಾವ ನೋಡ. ಮಲಗಲಿ, ಎಬ್ಬಿಸಬ್ಯಾಡ" ಅಂದರು ಅತ್ತೆ. ನನಗೆ ಎಷ್ಟು ಹಗುರವಾಯಿತೆಂದರೆ, ಹೇಳಲು ಈಗಲೂ ನಾಚಿಕೆ, ಹಾಡು ಗುನುಗುತ್ತ ಬೀಸಲು ಕೂತೆ. ಅವನು ಹುಟ್ಟಿದ ಮೇಲೆ ಕಲ್ಲು ನಿಲ್ಲದೆ ತಿರುಗಿದ್ದು ಅವತ್ತೇ ಮೊದಲು.

ಅರ್ಧ ಬೀಸಿರಬೇಕು. ಬಾಗಿಲಲ್ಲಿ ಆ ನೆರೆಯವಳು ನಿಂತಿದ್ದಳು. ಕೈಗೆಲ್ಲ ಸಗಣಿ.

"ಕಲ್ಲ ಯಾಕ ನಿಲ್ಲವಲ್ದು?"

"ಬೀಸಿದ್ರೂ ಜಗಳೇನ್ರಿ?" ಅಂದೆ.

"ಕೂಸ ಯಾಕ ಅಳವಲ್ದು ಅಂತ ಕೇಳಾಕತ್ತೀನಿ!"

ನನ್ನ ಉತ್ತರಕ್ಕೆ ಕಾಯದೆ ಒಳಗೆ ನುಗ್ಗಿದಳು. ಸೀರೆಗೆ ಕೈ ಒರೆಸಿಕೊಂಡು, ಕೌದಿ ಸರಿಸಿ, ಕೂಸಿನ ಅಂಗಾಲಿಗೆ ಚಿವುಟಿದಳು. ಅವನು ಕಾಲನ್ನು ಎಳೆದುಕೊಳ್ಳಲೂ ಇಲ್ಲ. ಆಗ ನನಗೆ ಎಲ್ಲ ಕಂಡಿತು. ದೂರದಿಂದ ಓಡಿ ಬಂದವರ ಹಾಗೆ ಉಸಿರಾಡುತ್ತಿದ್ದ. ತುಟಿ ಬೂದಿಯ ಬಣ್ಣ. ಕೈಕಾಲು ತಣ್ಣಗಿದ್ದರೂ ಹೊಟ್ಟೆ ಸುಡುತ್ತಿತ್ತು. ಎದೆಗೆ ಹಚ್ಚಿಕೊಂಡರೆ ಬಾಯಿ ತೆರೆಯಲಿಲ್ಲ.

"ಇದು ನಿದ್ದಿ ಅಲ್ಲ. ಚಕ್ಕಡಿ ಹೂಡಾಕ ಹೇಳ, ಲಗೂ" ಅಂದಳು.

ನಮ್ಮ ಮನೆಯವರು ಎತ್ತು ಹೂಡಿದರು. ಗಜೇಂದ್ರಗಡದ ದವಾಖಾನಿ ಬರುವವರೆಗೂ ಅವಳು ಕೂಸಿನ ಎರಡೂ ಪಾದಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡು ಕೂತಿದ್ದಳು.

"ಉಚ್ಚಿ ಯಾವಾಗ ಹೊಯ್ದಾನ?" ಎಂದು ಡಾಕ್ಟರು ಕೇಳಿದರು. ನನಗೆ ನೆನಪಿರಲಿಲ್ಲ. ಅವರು ಬೈಯಲಿಲ್ಲ. "ಮೊಣಕಾಲಿನ ನಂಜು ರಕ್ತಕ್ಕ ಏರೇತಿ ತಂಗಿ. ಜ್ವರಾ ಬಿಟ್ಟಿಲ್ಲ. ಅಳಾಕೂ ಅವಗ ಶಕ್ತಿ ಉಳದಿಲ್ಲ" ಅಂದರು. ಬಾವು ಕೊಯ್ದು ಕೀವು ತೆಗೆದರು. ಪೆನಿಸಿಲಿನ್ ಚುಚ್ಚಿದರು. ತೊಡೆಯ ಚರ್ಮದ ಕೆಳಗೆ ಸೂಜಿ ಇಟ್ಟು ಸಲೈನ್ ಬಿಟ್ಟರು. ಇಷ್ಟಕ್ಕೂ ಅವನಿಂದ ಒಂದು ಸೊಲ್ಲಿಲ್ಲ.

ಮೂರು ತಾಸಿಗೊಮ್ಮೆ ಸೂಜಿ. ಪ್ರತಿ ಸಲವೂ ಅವನ ಬಾಯಿಯನ್ನೇ ನೋಡುತ್ತಿದ್ದೆ. ಅಳಪ್ಪಾ, ಒಂದು ಸಲ ಅಳು. ಅವನು ಸುಮ್ಮನಾಗಲಿ ಎಂದು ಹತ್ತು ತಿಂಗಳು ಕಂಡ ದೇವರಿಗೆಲ್ಲ ಬೇಡಿಕೊಂಡಿದ್ದೆನಲ್ಲ, ಅದನ್ನು ನೆನೆದು ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ.

ಮರುದಿನ ಬಿಸಿಲೇರಿದ ಮೇಲೆ, ಸೂಜಿ ಚುಚ್ಚಿದಾಗ ಮೊದಲು ಬೆಕ್ಕಿನ ಮರಿಯಂಥ ದನಿ ಬಂತು. ಆಮೇಲೆ ಅವನದೇ ಹಳೆಯ ಗಂಟಲು. ನಾನು ಹುಚ್ಚಿಯ ಹಾಗೆ ನಕ್ಕೆ. ಹೊರಗೆ ಬಂದು ನೋಡಿದರೆ ನೆರೆಯವಳು ಪಡಸಾಲೆಯಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

"ಯಕ್ಕಾ, ಅತ್ನಲ್ರಿ! ಇನ್ನ್ಯಾಕ ಅಳ್ತೀರಿ?"

"ನನ್ನ ಮಗಳೂ ಹಿಂಗ ಸುಮ್ಮನಾಗಿದ್ಲ. ಜ್ವರಾ ಬಿಟ್ಟೂ ಅಂತ ನಾ ಬೀಸಾಕ ಕುಂತೆ. ಎರಡ ಸೇರೂ ಪೂರಾ ಬೀಸಿದ್ನೆವ್ವಾ. ಆಮ್ಯಾಗ ಎದ್ದು ನೋಡಿದ್ನಿ."

ಅವಳಿಗೆ ಮಗಳಿದ್ದಳೆಂದೇ ನನಗೆ ಗೊತ್ತಿರಲಿಲ್ಲ. ಅದು ನಾನು ಆ ಊರಿಗೆ ಸೊಸೆಯಾಗಿ ಬರುವುದಕ್ಕೂ ಮುಂಚಿನ ಮಾತು. ಅಂಥವಳಿಗೆ ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳಲು ಹೇಳಿದ್ದೆ. ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ.

ಎರಡು ವಾರಕ್ಕೆ ಮಗನನ್ನು ಎತ್ತಿಕೊಂಡು ಮನೆಗೆ ಬಂದೆವು. ಆಮೇಲೆ ನಾನು ಯಾವತ್ತಾದರೂ ತಡೆಯಿಲ್ಲದೆ ಬೀಸುತ್ತಿದ್ದರೆ ಗೋಡೆಯಾಚೆಯಿಂದ ಅವಳ ದನಿ ಬರುತ್ತಿತ್ತು.

"ಏನ ಮಾಡಾಕತ್ತಾನ?"

"ಮಲಗ್ಯಾನ್ರಿ."

"ಮುಟ್ಟಿ ನೋಡಿದಿ?"

ನೋಡಿರುತ್ತಿದ್ದೆ. ಆದರೂ ಮತ್ತೊಮ್ಮೆ ಎದ್ದು ಹೋಗಿ ಅಂಗಾಲಿಗೆ ಮೆಲ್ಲಗೆ ಚಿವುಟುತ್ತಿದ್ದೆ. ಅವನು ಕಿಟಾರನೆ ಚೀರುತ್ತಿದ್ದ.

"ಕೇಳ್ತು" ಅನ್ನುತ್ತಿದ್ದಳು. "ಬೀಸ ಇನ್ನ."