ಎಣ್ಣೆ ಕಾಂತಪ್ಪ ಹಿಡಿದ ನೇಮ

ಪುಣೆಯ ಭವಾನಿ ಪೇಟೆಯಲ್ಲಿ ಕಾಂತಪ್ಪನ ಎಣ್ಣೆ ಅಂಗಡಿಯಿತ್ತು. ವಿಜಯಪುರದ ಕಡೆಯಿಂದ ತರಿಸಿದ ಕುಸುಬಿ ಎಣ್ಣೆ ಮಾರುತ್ತಿದ್ದ. ವರ್ಷಕ್ಕೊಮ್ಮೆ, ಪಂಢರಪುರದ ವಾರಿ ಎಂಬ ಪಾದಯಾತ್ರೆಗೆ ಹೊರಟ ಪಾಲಖಿಯ ಮೆರವಣಿಗೆ ಸಾಸವಡದಲ್ಲಿ ತಂಗಿದಾಗ, ಅಂಗಡಿ ಮುಚ್ಚಿ ಎಣ್ಣೆಯ ಡಬ್ಬಿ ಹೊತ್ತು ಅಲ್ಲಿಗೆ ಹೋಗುತ್ತಿದ್ದ. ದಿವೆ ಘಾಟ್ ಹತ್ತಿ ದಣಿದು ಬಂದವರ ಕಾಲು ತಿಕ್ಕುವುದು ಅವನ ಸೇವೆ. ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನನಗೆ ಡಬ್ಬಿ ಹಿಡಿಯುವ ಕೆಲಸ. "ಮಾಸ್ತರು ಕಾಲು ತಿಕ್ಕಿದ್ರ ಮಂದಿ ಪಂಢರಪುರ ಮುಟ್ಟೂದಿಲ್ಲ" ಎನ್ನುತ್ತಿದ್ದ.

ಅವನ ಕತ್ತಿನಲ್ಲಿ ಎದ್ದ ಗಂಟು ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾಯಿತು. ಕಿಮೋ ಮುಗಿಯುವ ಹೊತ್ತಿಗೆ ಗಂಟುಗಳು ಕರಗಿದವು. ಆಮೇಲೆ ಡಾಕ್ಟರ್ ಕೇತಕಿ ಇನ್ನೊಂದು ಮಾತು ಮುಂದಿಟ್ಟರು: ಎರಡು ತಿಂಗಳಿಗೊಮ್ಮೆ ಸಲೈನಿನಲ್ಲಿ ಒಂದು ಔಷಧ, ಎರಡು ವರ್ಷ. ರೋಗ ಮರಳುವುದು ತಡವಾಗಬಹುದು. ಆದರೆ ಮೈಯ ಕಾವಲು ಸಡಿಲಾಗುತ್ತದೆ, ಸೋಂಕು ಸುಲಭವಾಗಿ ತಗಲುತ್ತದೆ. ಜನಜಂಗುಳಿಗೆ ಹೋಗಬಾರದು, ಜ್ವರ ಬಂದರೆ ಕೂಡಲೇ ತಿಳಿಸಬೇಕು. ಕಾಂತಪ್ಪ ಒಪ್ಪಿದ. ಆ ವರ್ಷ ಸಾಸವಡ ತಪ್ಪಿತು.

ಒಪ್ಪಿದ್ದೇ ತಡ, ಅವನ ಮನಸ್ಸಿನಲ್ಲಿ ಅದು ಏಕಾದಶಿಯಂತೆ ಒಂದು ನೇಮವಾಗಿಬಿಟ್ಟಿತು. ಔಷಧದ ದಿನ ಸ್ನಾನ ಮಾಡಿ, ಹಣೆಗೆ ವಿಠ್ಠಲನ ಬುಕ್ಕಿಟ್ಟಿನ ಕಪ್ಪು ಪುಡಿ ಹಚ್ಚಿಕೊಂಡೇ ಆಸ್ಪತ್ರೆಗೆ ಹೋಗುವನು. ಹಿಡಿದ ನೇಮ ನಡುವೆ ಬಿಟ್ಟರೆ ಫಲವಿಲ್ಲ. ಹಾಗಾಗಿ ಜ್ವರ ಬಂದರೂ ಡಾಕ್ಟರಿಗೆ ಹೇಳಲಿಲ್ಲ. ನಿಲ್ಲಿಸಿಯಾರು ಎಂದು ಹೆದರಿ ಶುಂಠಿ ಕಷಾಯ ಕುಡಿದು ಬೆವರಿದ. ಮುಂದಿನ ಸಲದ ಜ್ವರ ಕಷಾಯಕ್ಕೆ ಬಗ್ಗಲಿಲ್ಲ, ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ಅವನ ಹೆಂಡತಿ ಪ್ರಫುಲ್ಲಾ ಕಷಾಯದ ಕಥೆಯನ್ನೆಲ್ಲ ಹೇಳಿಬಿಟ್ಟಳು.

ಕೇತಕಿ ಬೈಯಲಿಲ್ಲ. ಮುಂದುವರಿಸಿದರೆ ರೋಗ ಇನ್ನಷ್ಟು ಕಾಲ ದೂರವಿರಬಹುದು, ಆದರೆ ಆಯುಷ್ಯ ಹೆಚ್ಚುತ್ತದೆಂದು ಹೇಳಲಾರೆ ಎಂದರು. ಇಂಥ ಇನ್ನೊಂದು ನ್ಯುಮೋನಿಯಾ ಜೀವವನ್ನೇ ಒಯ್ದೀತು. ನಿಲ್ಲಿಸುವುದೇ ಮೇಲೆಂದು ಅವರಿಗೆ ತೋರಿತ್ತು. ನಿಮ್ಮ ಮನಸ್ಸೇನು, ಯೋಚಿಸಿ ಹೇಳಿ ಎಂದು ಮನೆಗೆ ಕಳಿಸಿದರು.

ಹಿಡಿದ ನೇಮ ಬಿಡುವುದು ಹೇಗೆಂದು ಕಾಂತಪ್ಪ ಹಲವು ದಿನ ಒದ್ದಾಡಿದ. ಒಂದು ಮಧ್ಯಾಹ್ನ ನಾನು ಅವರಲ್ಲಿ ಊಟಕ್ಕೆ ಕೂತಿದ್ದಾಗ ಪ್ರಫುಲ್ಲಾ ರೊಟ್ಟಿ ಬಡಿಯುತ್ತಲೇ ಕೇಳಿದಳು: "ಸಾಸವಡದಾಗ ಕಾಲು ಸೋತ ಮುದುಕೇರನ್ನ ನೀವ ಸಾಮಾನಿನ ಟ್ರಕ್ಕಿಗೆ ಹತ್ತಿಸಿ ಕಳಸ್ತಿದ್ರಿ. ಅವರ ವಾರಿ ಮುರೀತೇನ್ರಿ?"

"ಮುರೀಲಿಕ್ಕೆ ಅದೇನು ಹಪ್ಪಳೇನು?" ಎಂದ. ಆಮೇಲೆ ನಗುತ್ತ, "ಅಂದ್ರ ನನ್ನೂ ಟ್ರಕ್ಕಿಗೆ ಹತ್ತಿಸ್ಲಿಕ್ಕತ್ತೀ ಅನ್ನು" ಎಂದ.

"ಹತ್ರಿ. ನಾನೂ ಬರ್ತೀನಿ, ಜಾಗಾ ಅದ."

ಔಷಧ ನಿಂತಿತು. ಆ ವರ್ಷದ ಪಾಲಖಿಗೂ ಡಾಕ್ಟರು ಬೇಡವೆಂದರು. ಮರುವರ್ಷ, ಮೈ ಚೇತರಿಸಿದ ಮೇಲೆ, ಮಾಸ್ಕ್ ಕಟ್ಟಿಕೊಂಡು ಹೋದ. ಆಮೇಲೂ ಕೆಲವು ವರ್ಷ ಸಾಸವಡ ತಪ್ಪಲಿಲ್ಲ. ಕೊನೆಗೆ ರೋಗ ಮರಳಿತು. ಔಷಧ ಪೂರ್ತಿ ಹಾಕಿಸಿಕೊಂಡಿದ್ದರೆ ಇನ್ನೂ ತಡವಾಗಿ ಬರುತ್ತಿತ್ತೋ ಏನೋ, ಯಾರೂ ಹೇಳಲಾರರು. ಆ ವರ್ಷ ಸಾಸವಡದಲ್ಲಿ ಅದನ್ನು ಅವನನ್ನೇ ಕೇಳಿದ್ದೆ. ಯಾರದೋ ಬಿರುಕುಬಿಟ್ಟ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದವನು, "ಎಣ್ಣಿ ಹಾಕ್ರಿ ಮಾಸ್ತರ" ಎಂದ.

ಈ ಮಾಘದಲ್ಲಿ ತೀರಿಕೊಂಡ. ಪಾಲಖಿ ಬಂದಾಗ ನಾನೂ ಪ್ರಫುಲ್ಲಾಳೂ ಡಬ್ಬಿ ಹೊತ್ತು ಹೋದೆವು. ಅವನು ಕೂರುತ್ತಿದ್ದ ಮರದ ಕೆಳಗೆ ಅವಳು ಕೂತಳು. ಜನ ಹೆಚ್ಚಾದಾಗ ಒಬ್ಬ ಅಜ್ಜನನ್ನು ನನ್ನ ಕಡೆ ಕಳಿಸಿದಳು. ತಿಕ್ಕಿದೆ. ಅಜ್ಜ ಎದ್ದು, ಹೆಜ್ಜೆ ಹಾಕಿ ನೋಡಿ, ತನ್ನ ದಿಂಡಿಯ ಜನರ ಹಿಂದೆ ಹೊರಟ.

ಪಂಢರಪುರ ಮುಟ್ಟಿರುತ್ತಾನೆ.